ಬೆರಳಿಗೂ ಬರುತ್ತದೆ ಬಿಕ್ಕಳಿಕೆ

ಮಾತನಾಡುವವರಲ್ಲಿ ಗಂಟಲಿನಿಂದ ಹೊರಬೀಳುವ 'ಟಿಕ್', ಸನ್ನೆಯಲ್ಲೇ ಮಾತನಾಡುವ ಕಿವುಡರಲ್ಲಿ ಬೆರಳುಗಳಿಂದ ಹೊರಬೀಳಬಹುದು. ಅದನ್ನು ಚೇಷ್ಟೆ ಎಂದು ತಿಳಿದು ಕೈಗೆ ಪೆಟ್ಟು ಕೊಟ್ಟರೆ, ಪೆಟ್ಟು ಬೀಳುವುದು ಮಗುವಿನ ಮಾತಿಗೇ.

ಬಿಕ್ಕಳಿಕೆ ಬಂದವನನ್ನು ಯಾರೂ ಬೈಯುವುದಿಲ್ಲ. ಒಂದು ಲೋಟ ನೀರು ಕೊಡುತ್ತಾರೆ. 'ಯಾರೋ ನೆನೆಸಿಕೊಳ್ಳುತ್ತಿದ್ದಾರೆ' ಎಂದು ನಗುತ್ತಾರೆ. ಸೀನಿದ ಮಗುವಿಗೆ 'ನೂರು ವರ್ಷ ಬಾಳು' ಎಂದು ಹರಸುವ ಅಜ್ಜಿಯರೂ ಇದ್ದಾರೆ. ತಡೆಯಲಾಗದ್ದು ಅದು, ಬೇಕೆಂದು ಮಾಡಿದ್ದಲ್ಲ ಎಂಬುದು ಎಲ್ಲರಿಗೂ ಗೊತ್ತು.

ಆದರೆ ತರಗತಿಯಲ್ಲಿ ಕುಳಿತ ಹುಡುಗನೊಬ್ಬ ಮತ್ತೆ ಮತ್ತೆ ಕಣ್ಣು ಕಿವುಚಿದರೆ, ಭುಜ ಕುಣಿಸಿದರೆ, ಪಾಠದ ನಡುವೆ 'ಹ್ಞುಂ, ಹ್ಞುಂ' ಎಂದು ಗಂಟಲು ಕೆರೆದರೆ ಅವನಿಗೆ ಸಿಗುವುದು ನೀರಲ್ಲ, ಬೈಗುಳ. 'ಮಂಗನ ಚೇಷ್ಟೆ ಬಿಡು' ಎಂದು ಮೇಷ್ಟ್ರು ಗದರುತ್ತಾರೆ. 'ಕೆಟ್ಟ ಚಟ' ಎಂದು ಮನೆಯಲ್ಲಿ ಕಣ್ಣು ಕೆಂಪಾಗುತ್ತದೆ. ಇದು ಚಟವಲ್ಲ, ಚೇಷ್ಟೆಯೂ ಅಲ್ಲ. ವೈದ್ಯರು ಇದನ್ನು 'ಟಿಕ್' ಎನ್ನುತ್ತಾರೆ ಎಂಬುದು ಇತ್ತೀಚಿನ ವರ್ಷಗಳಲ್ಲಿ ನಗರಗಳ ಪಾಲಕರಿಗೆ ಅಷ್ಟಿಷ್ಟು ತಿಳಿದಿದೆ.

ಆದರೆ ಅದೇ ತೊಂದರೆ ಕಿವಿ ಕೇಳದ, ಕೈಸನ್ನೆಯಲ್ಲಿ ಮಾತನಾಡುವ ಮಗುವಿಗೆ ಬಂದರೆ ಹೇಗೆ ಕಾಣುತ್ತದೆ? ಮಾತು ಬಾಯಿಂದ ಹೊರಡದ ಮೇಲೆ ಟಿಕ್ ಎಲ್ಲಿಂದ ಹೊರಡುತ್ತದೆ? ಈ ಪ್ರಶ್ನೆಗೆ ಸಿಕ್ಕಿರುವ ಉತ್ತರ ಕುತೂಹಲಕರವಾದುದು ಮಾತ್ರವಲ್ಲ, ಕಿವುಡು ಮಕ್ಕಳ ಪಾಲಕರು ಮತ್ತು ಶಿಕ್ಷಕರು ತಿಳಿಯಲೇಬೇಕಾದುದು.

ಏನಿದು ಟಿಕ್?

ಇದ್ದಕ್ಕಿದ್ದಂತೆ, ಕ್ಷಣಾರ್ಧದಲ್ಲಿ, ತಾಳವಿಲ್ಲದೆ ಬಂದುಹೋಗುವ ಚಲನೆ ಅಥವಾ ಶಬ್ದವೇ ಟಿಕ್. ಕಣ್ಣು ಮಿಟುಕಿಸುವುದು, ಮೂಗು ಸಿಂಡರಿಸುವುದು, ಕತ್ತು ಕೊಡವುವುದು ಚಲನೆಯ ಟಿಕ್‌ಗಳು. ಗಂಟಲು ಕೆರೆಯುವುದು, ಮೂಗೆಳೆಯುವುದು, ಕೀರಲು ಧ್ವನಿ ಹೊರಡಿಸುವುದು, ಕೆಲವೊಮ್ಮೆ ಇಡೀ ಪದವನ್ನೇ ಉಚ್ಚರಿಸಿಬಿಡುವುದು ಧ್ವನಿಯ ಟಿಕ್‌ಗಳು. ಚಲನೆಯ ಎರಡು ಅಥವಾ ಹೆಚ್ಚು ಟಿಕ್, ಜೊತೆಗೆ ಧ್ವನಿಯ ಒಂದಾದರೂ ಟಿಕ್ 18 ವರ್ಷದೊಳಗೆ ಶುರುವಾಗಿ, ಒಂದು ವರ್ಷಕ್ಕೂ ಮೀರಿ ಉಳಿದರೆ ಅದಕ್ಕೆ 'ಟೂರೆಟ್ ಸಿಂಡ್ರೋಮ್' ಎಂದು ಹೆಸರು.

ಸಾಮಾನ್ಯವಾಗಿ ಇದು ತಲೆಹಾಕುವುದು 4ರಿಂದ 7 ವರ್ಷದೊಳಗೆ. 10-12ರ ಹೊತ್ತಿಗೆ ತಾರಕಕ್ಕೇರಿ, ಹದಿಹರೆಯ ಕಳೆಯುವಷ್ಟರಲ್ಲಿ ಬಹಳಷ್ಟು ಮಕ್ಕಳಲ್ಲಿ ಇಳಿಮುಖವಾಗುತ್ತದೆ. ಹುಡುಗಿಯರಿಗಿಂತ ಹುಡುಗರಲ್ಲಿ ಮೂರು-ನಾಲ್ಕು ಪಟ್ಟು ಹೆಚ್ಚು. ಶಾಲೆಗೆ ಹೋಗುವ ವಯಸ್ಸಿನ ನೂರು ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಟೂರೆಟ್ ಇರಬಹುದೆಂದು ತಜ್ಞರ ಅಂದಾಜು. ಮಿದುಳಿನ ಆಳದಲ್ಲಿರುವ, ನಮ್ಮ ಚಲನೆಗಳಿಗೆ ಅಪ್ಪಣೆ ಕೊಡುವ ಮತ್ತು ತಡೆ ಒಡ್ಡುವ ನರಜಾಲದಲ್ಲಿ ಆಗುವ ಏರುಪೇರು ಇದರ ಮೂಲ. ಆನುವಂಶಿಕತೆಯ ಪಾಲೂ ದೊಡ್ಡದು. ತಂದೆತಾಯಿ ಬೆಳೆಸಿದ ರೀತಿಗೂ ಇದಕ್ಕೂ ಸಂಬಂಧವಿಲ್ಲ. ಗಾಳಿ, ಸೋಂಕು, ದೃಷ್ಟಿ ಯಾವುದೂ ಅಲ್ಲ.

ಟಿಕ್ ಬರುವ ಮುನ್ನ ಒಳಗೆ ಒಂದು ಬಗೆಯ ತುರಿಕೆಯಂಥ ಒತ್ತಡ ಏಳುತ್ತದೆ ಎಂದು ಅನೇಕರು ಹೇಳುತ್ತಾರೆ. ಟಿಕ್ ಹೊರಬಿದ್ದೊಡನೆ ತುಸು ಹಗುರ. ಸ್ವಲ್ಪ ಹೊತ್ತು ಅದನ್ನು ಅದುಮಿಡಲೂ ಬರುತ್ತದೆ. ಅಪಾರ್ಥವಾಗುವುದು ಇಲ್ಲಿಯೇ. 'ನೆಂಟರ ಮುಂದೆ ಸುಮ್ಮನಿದ್ದ, ಈಗ ಮಾಡುತ್ತಿದ್ದಾನೆ, ಬೇಕೆಂದೇ ಮಾಡುತ್ತಾನೆ' ಎಂದು ಮನೆಯವರು ತೀರ್ಮಾನಿಸುತ್ತಾರೆ. ಸೀನನ್ನು ಒಂದು ಗಳಿಗೆ ತಡೆಹಿಡಿಯಬಹುದು. ಆದ್ದರಿಂದಲೇ ಸೀನುವುದು ಚಟ ಎಂದಾದೀತೆ?

ಕಿವುಡರ ವೈದ್ಯನ ಕಣ್ಣಿಗೆ ಬಿದ್ದದ್ದು

ಟಿಕ್ ಕಾಯಿಲೆಯ ಚರಿತ್ರೆ ಶುರುವಾಗುವುದೇ ಕಿವುಡರ ಶಾಲೆಯೊಂದರ ವೈದ್ಯನಿಂದ ಎಂಬುದು ಸೋಜಿಗದ ಸಂಗತಿ. ಪ್ಯಾರಿಸ್‌ನ ಕಿವುಡ-ಮೂಗರ ರಾಷ್ಟ್ರೀಯ ಸಂಸ್ಥೆಯಲ್ಲಿ ವೈದ್ಯನಾಗಿದ್ದ ಝಾನ್ ಇಟಾರ್, ಕಾಡಿನಲ್ಲಿ ಸಿಕ್ಕ ವಿಕ್ಟರ್ ಎಂಬ ಬಾಲಕನಿಗೆ ಮಾತು ಕಲಿಸಲು ಹೆಣಗಿ ಪ್ರಸಿದ್ಧನಾದವನು. ಕಿವಿಯ ಕಾಯಿಲೆಗಳ ಬಗ್ಗೆ 1821ರಲ್ಲಿ ದೊಡ್ಡ ಗ್ರಂಥ ಬರೆದ. ಅವನೇ 1825ರಲ್ಲಿ, ಏಳನೇ ವಯಸ್ಸಿನಿಂದ ಮೈ ಅದುರುವಿಕೆಗೆ ತುತ್ತಾಗಿ, ಮುಂದೆ ಸಭ್ಯರ ನಡುವೆಯೇ ಬೈಗುಳದ ಮಾತು ಬಾಯಿಗೆ ಬಂದುಬಿಡುತ್ತಿದ್ದ ಡಾಂಪಿಯರ್ ಮನೆತನದ ಸಿರಿವಂತ ಮಹಿಳೆಯೊಬ್ಬಳ ಕಥೆಯನ್ನೂ ದಾಖಲಿಸಿದ. 60 ವರ್ಷಗಳ ನಂತರ, 1885ರಲ್ಲಿ ಫ್ರಾನ್ಸ್‌ನ ಇನ್ನೊಬ್ಬ ವೈದ್ಯ ಝಿಲ್ ದ ಲ ಟೂರೆಟ್ ಆಕೆಯೂ ಸೇರಿದಂತೆ ಒಂಬತ್ತು ರೋಗಿಗಳ ವಿವರ ಪ್ರಕಟಿಸಿದ. ಗುರು ಷಾರ್ಕೋ ಆ ಕಾಯಿಲೆಗೆ ಶಿಷ್ಯನ ಹೆಸರನ್ನೇ ಇಟ್ಟ.

ಕಿವುಡು ಮತ್ತು ಟಿಕ್ ಎರಡೂ ಹೀಗೆ ಒಬ್ಬನೇ ವೈದ್ಯನ ಮೇಜಿನ ಮೇಲಿದ್ದವು. ಆದರೂ ಕಿವುಡರಲ್ಲಿ ಟಿಕ್ ಹೇಗಿರುತ್ತದೆ ಎಂಬ ಪ್ರಶ್ನೆಗೆ ವೈದ್ಯಕೀಯ ಪತ್ರಿಕೆಗಳಲ್ಲಿ ಜಾಗ ಸಿಗಲು 20ನೇ ಶತಮಾನದ ಕೊನೆಯ ದಶಕದವರೆಗೆ ಕಾಯಬೇಕಾಯಿತು. ಅದಕ್ಕೊಂದು ಕಾರಣವೂ ಇದೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಕಿವುಡರ ಶಿಕ್ಷಕರ ಸಮ್ಮೇಳನ, ಶಾಲೆಗಳಲ್ಲಿ ಸನ್ನೆಯನ್ನು ಬಿಟ್ಟು ಬಾಯಿಮಾತನ್ನೇ ಕಲಿಸಬೇಕೆಂದು ಗೊತ್ತುವಳಿ ಮಾಡಿತ್ತು. ಮುಂದೆ ಎಷ್ಟೋ ದಶಕ ಕಿವುಡು ಮಕ್ಕಳ ಕೈ ಆಡದಂತೆ ಕಾಯುವುದೇ ಹಲವೆಡೆ ಶಿಕ್ಷಣವಾಗಿತ್ತು. ಸನ್ನೆ ಭಾಷೆಯೇ ಅಲ್ಲ ಎಂದುಕೊಂಡಿದ್ದಾಗ, ಆ ಭಾಷೆಯಲ್ಲಿ ಟಿಕ್ ಬರುತ್ತದೆಯೇ ಎಂದು ಕೇಳುವವರು ಯಾರು?

ಆ ನಂಬಿಕೆ ಮುರಿದದ್ದು ಅಮೆರಿಕದ ವಿಲಿಯಂ ಸ್ಟೋಕೋ ಅವರಿಂದ. ಸನ್ನೆ ಭಾಷೆಗೂ ಉಳಿದ ಭಾಷೆಗಳಂತೆಯೇ ತನ್ನದೇ ಘಟಕಗಳೂ ರಚನೆಯೂ ಉಂಟೆಂದು 1960ರಲ್ಲಿ ಅವರು ತೋರಿಸಿದರು. ಬಳಿಕ ಅರ್ಸುಲಾ ಬೆಲ್ಲೂಜಿ ಮತ್ತು ಸಂಗಡಿಗರು, ಮಿದುಳಿನ ಎಡಭಾಗಕ್ಕೆ ಪೆಟ್ಟಾದ ಕಿವುಡರು ಸನ್ನೆ ಭಾಷೆಯನ್ನೇ ಕಳೆದುಕೊಳ್ಳುವುದನ್ನು ಕಂಡರು. ಕೈ ಸೋತದ್ದಲ್ಲ, ಭಾಷೆ ಸೋತದ್ದು. ಮಾತು ಬಾಯಲ್ಲಿರಲಿ, ಬೆರಳಲ್ಲಿರಲಿ, ಮಿದುಳಿಗೆ ಅದು ಭಾಷೆಯೇ.

ಕೈ ಆಡಿಬಿಟ್ಟ ಮಾತು

1993ರಲ್ಲಿ ಕೆನಡಾದ ನರರೋಗ ತಜ್ಞ ಆಂಥನಿ ಲ್ಯಾಂಗ್ ಮತ್ತು ಸಂಗಡಿಗರು 'ಸನ್ನೆಯ ಟಿಕ್' ಎಂಬುದರತ್ತ ಗಮನ ಸೆಳೆದು, ಕಾಯಿಲೆಯ ಗುಟ್ಟನ್ನು ಅರಿಯಲು ಅದು ಒಂದು ಕೀಲಿಕೈ ಎಂದರು. 2000ದಲ್ಲಿ ಬ್ರಿಟನ್ನಿನ ವೈದ್ಯರು, ಮಾತು ಕಲಿಯುವ ಮೊದಲೇ ಕಿವುಡನಾಗಿದ್ದ ವ್ಯಕ್ತಿಯೊಬ್ಬನ ಸನ್ನೆಯ ಟಿಕ್‌ಗಳನ್ನು ವರದಿ ಮಾಡಿದರು. 2001ರಲ್ಲಿ ಅಲ್ಲಿನದೇ ಹ್ಯೂ ರಿಕರ್ಡ್ಸ್ ಅವರು ಅಂಥದೇ ಇನ್ನೊಬ್ಬನ ವಿವರ ಬರೆದರು. ಅದೇ ವರ್ಷ ಡೆನ್ಮಾರ್ಕಿನಿಂದ, ಹುಟ್ಟುಕಿವುಡಿನ ಮಗುವೊಂದರ ಟೂರೆಟ್ ಬಗ್ಗೆ ವರದಿ ಬಂತು. ಇಂಥ ವರದಿಗಳ ಸಂಖ್ಯೆ ಇಂದಿಗೂ ಕಡಿಮೆ. ಆದರೆ ಅವು ಹೇಳುವ ಮಾತು ಸ್ಪಷ್ಟವಾಗಿದೆ.

ಕಿವಿ ಕೇಳುವ ರೋಗಿಗಳಲ್ಲಿ ಹತ್ತಕ್ಕೆ ಒಬ್ಬರಷ್ಟು ಮಂದಿಗೆ ಬೈಗುಳ ಅಥವಾ ಅಶ್ಲೀಲ ಪದ ತಾನಾಗಿ ಬಾಯಿಗೆ ಬರುವುದುಂಟು. ಸನ್ನೆಯಾಡುವ ಕಿವುಡನಲ್ಲಿ ಅದೇ ಬೈಗುಳ ಕೈಯಲ್ಲಿ ಮೂಡುತ್ತದೆ. ಮಾತನಾಡುವವನು ಎದುರಿನವನ ಕೊನೆಯ ಪದವನ್ನು ಗಿಳಿಯಂತೆ ಒಪ್ಪಿಸಿಬಿಡುವ ಹಾಗೆ, ಇವನು ಎದುರಿನವನ ಸನ್ನೆಯನ್ನೇ ಮರಳಿ ಮಾಡಿಬಿಡಬಹುದು. ಬಾಯಿಗೆ ಬಂದ ಕೆಟ್ಟ ಪದವನ್ನು ಕೆಮ್ಮಿನಲ್ಲಿ ಮುಚ್ಚಿಹಾಕುವವರಿದ್ದಾರಲ್ಲ, ಹಾಗೆಯೇ ರಿಕರ್ಡ್ಸ್ ಕಂಡ ವ್ಯಕ್ತಿಯೂ ತನ್ನ ಕೈಯಿಂದ ಹೊರಟ ಅಸಭ್ಯ ಸನ್ನೆಯನ್ನು ಮರೆಮಾಚಲು ಯತ್ನಿಸುತ್ತಿದ್ದ. ತಾನು ಹೇಳಬಯಸದ್ದನ್ನು ತನ್ನದೇ ಕೈ ಹೇಳಿಬಿಟ್ಟಿತು ಎಂಬ ನಾಚಿಕೆ ಅದು.

ಇದರಿಂದ ತಿಳಿಯುವುದಿಷ್ಟು: ಟಿಕ್ ಬರಿಯ ಗಂಟಲಿನ ಸ್ನಾಯುಗಳ ಗೊಂದಲವಲ್ಲ. ಅದು ಮನುಷ್ಯನ ಭಾಷೆಯನ್ನೇ ಸಾಲ ಪಡೆಯುತ್ತದೆ. ಯಾರ ಭಾಷೆ ಎಲ್ಲಿದೆಯೋ ಅಲ್ಲಿಂದಲೇ ಹೊರಬೀಳುತ್ತದೆ. 'ಧ್ವನಿಯ ಟಿಕ್ ಇದೆಯೇ?' ಎಂದು ಮಾತ್ರ ಕೇಳುವ ವೈದ್ಯರಿಗೆ ಕಿವುಡು ಮಗುವಿನ ಅರ್ಧ ಕಾಯಿಲೆ ಕಾಣದೇ ಹೋಗಬಹುದು. ಅದು ಕೈಯಲ್ಲಿರುತ್ತದೆ.

ಕಿವುಡಿನಿಂದ ಟಿಕ್ ಬರುತ್ತದೆ ಎಂದು ಇದರ ಅರ್ಥವಲ್ಲ. ಎರಡೂ ಬೇರೆ ಬೇರೆ. ಆದರೆ 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಶ್ರವಣದೋಷ ಉಳ್ಳವರು 50 ಲಕ್ಷಕ್ಕೂ ಹೆಚ್ಚು. ಅವರಲ್ಲಿನ ಮಕ್ಕಳಿಗೂ ಉಳಿದ ಮಕ್ಕಳಿಗೆ ಬರುವ ತೊಂದರೆಗಳೆಲ್ಲ ಬರಬಹುದು. ಆದರೆ ಕಿವುಡು ಮಗು ಏನು ಮಾಡಿದರೂ 'ಪಾಪ, ಕಿವಿ ಕೇಳದಲ್ಲ, ಅದಕ್ಕೇ ಹಾಗೆ' ಎಂದು ಎಲ್ಲವನ್ನೂ ಕಿವಿಯ ತಲೆಗೇ ಕಟ್ಟುವ ಅಭ್ಯಾಸ ನಮ್ಮಲ್ಲಿದೆ.

ಸನ್ನೆಯೋ, ಟಿಕ್ಕೋ?

ಗುರುತಿಸುವುದು ಸುಲಭವಲ್ಲ. ಸನ್ನೆ ಭಾಷೆ ಬರಿಯ ಕೈಯಾಟವಲ್ಲ, ಮುಖವೂ ಅದರ ವ್ಯಾಕರಣ. ಹುಬ್ಬು ಮೇಲೇರಿಸಿ ತಲೆ ಮುಂದೆ ಚಾಚಿದರೆ 'ಹೌದೋ ಅಲ್ಲವೋ' ಎಂಬ ಪ್ರಶ್ನೆಯಾಗುತ್ತದೆ. ಸನ್ನೆ ತಿಳಿಯದವರಿಗೆ ಈ ಮುಖಚಲನೆ ಕಾಯಿಲೆಯಂತೆ ಕಂಡೀತು. ಹಾಗೆಯೇ ನಿಜವಾದ ಟಿಕ್ 'ಏನೋ ಸನ್ನೆ ಮಾಡುತ್ತಿದ್ದಾನೆ' ಎನ್ನಿಸಿ ಲೆಕ್ಕಕ್ಕೆ ಬಾರದೆ ಹೋದೀತು.

ಧ್ವನಿಯ ಟಿಕ್ ಕಿವುಡು ಮಗುವಿಗೂ ಬರಬಹುದು. ಆಗಿನ ಪಾಡು ಇನ್ನೂ ಕಷ್ಟದ್ದು. ಗಂಟಲಿನಿಂದ ಹೊರಟ ಶಬ್ದ ಸುತ್ತಲಿನವರಿಗೆಲ್ಲ ಕೇಳುತ್ತದೆ, ಮಾಡಿದವನಿಗೆ ಮಾತ್ರ ಕೇಳುವುದಿಲ್ಲ. ಎಲ್ಲರೂ ಯಾಕೆ ತಿರುಗಿ ನೋಡಿದರು, ಯಾಕೆ ಸಿಟ್ಟಾದರು ಎಂದು ತಿಳಿಯದೆ ಮಗು ಕಂಗಾಲಾಗುತ್ತದೆ. ಅಂಥ ಮಗುವಿಗೆ 'ನಿನ್ನಿಂದ ಒಂದು ಶಬ್ದ ಬರುತ್ತದೆ, ಅದು ನಿನ್ನ ತಪ್ಪಲ್ಲ' ಎಂದು ಅದರದೇ ಭಾಷೆಯಲ್ಲಿ ತಿಳಿಹೇಳುವುದು ಮೊದಲ ಚಿಕಿತ್ಸೆ.

ಕೆಲವು ಸುಳಿವುಗಳು ನೆರವಾಗುತ್ತವೆ. ಸನ್ನೆ ಯಾರಿಗೋ ಹೇಳಿದ್ದು. ಸನ್ನೆ ಮಾಡುವವನ ಕಣ್ಣು ಎದುರಿನವನ ಮೇಲಿರುತ್ತದೆ, ಉತ್ತರಕ್ಕೆ ಕಾಯುತ್ತದೆ. ಟಿಕ್‌ಗೆ ಕೇಳುಗನಿಲ್ಲ. ಒಬ್ಬನೇ ಕುಳಿತಾಗಲೂ ಬರುತ್ತದೆ, ಹೇಳುತ್ತಿದ್ದ ವಾಕ್ಯವನ್ನು ನಡುವೆಯೇ ಕಡಿದು ನುಗ್ಗುತ್ತದೆ, ಒಂದೇ ರೂಪದಲ್ಲಿ ಮರುಕಳಿಸುತ್ತದೆ. ಪರೀಕ್ಷೆ, ಜಾತ್ರೆ, ದಣಿವು, ಭಯ, ಸಂಭ್ರಮ ಎಲ್ಲವೂ ಅದನ್ನು ಹೆಚ್ಚಿಸಬಲ್ಲವು. ಕೆಲವು ವಾರ ಜೋರಾಗಿ, ಕೆಲವು ವಾರ ಮಾಯವಾಗಿ, ಮತ್ತೆ ಬೇರೆ ರೂಪದಲ್ಲಿ ಬರುತ್ತದೆ.

ಕಣ್ಣು ಮಿಟುಕಿಸುವ ಕಿವುಡು ಮಗುವಿನ ಕಣ್ಣಿನ ಪರೀಕ್ಷೆ ಮೊದಲಾಗಬೇಕು. ಕಿವಿಯ ಕೆಲಸವನ್ನೂ ಆ ಕಣ್ಣೇ ಮಾಡುತ್ತಿರುತ್ತದೆ. ಚಲನೆಯ ಜೊತೆ ಎಚ್ಚರ ತಪ್ಪಿದರೆ ಅದು ಮೂರ್ಛೆರೋಗವಿರಬಹುದು. ಗಂಟಲುಬೇನೆ ಬಂದುಹೋದ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಕೈಕಾಲು ಕುಣಿದಂತಾಗಿ, ಹಿಡಿದ ವಸ್ತು ಜಾರತೊಡಗಿದರೆ ಅದು ಹೃದಯಕ್ಕೂ ತಟ್ಟಬಲ್ಲ ವಾತಜ್ವರದ ಲಕ್ಷಣವಿರಬಹುದು. ಇವೆರಡರಲ್ಲೂ ತಡಮಾಡುವಂತಿಲ್ಲ.

ಹಳ್ಳಿಯ ಮಗುವಿನ ಮನೆಸನ್ನೆ

ಪುಸ್ತಕಗಳಲ್ಲಿರುವ ರೋಗಿಗಳೆಲ್ಲ ಒಂದು ಪೂರ್ಣ ಸನ್ನೆ ಭಾಷೆ ಬಲ್ಲವರು. ನಮ್ಮ ಹಳ್ಳಿಗಳ ಮಾತೇ ಬೇರೆ. ಬಾಗಲಕೋಟೆ ಜಿಲ್ಲೆ ಬೀಳಗಿ ತಾಲ್ಲೂಕಿನಲ್ಲಿ, ಘಟಪ್ರಭೆಯ ದಂಡೆಯ ಅನಗವಾಡಿಯಂಥ ಊರಿನಲ್ಲಿ ಒಂದು ಮಗು ಕಿವುಡಾಗಿ ಹುಟ್ಟಿತೆನ್ನಿ. ಸುತ್ತ ಸನ್ನೆ ಭಾಷೆ ಬಲ್ಲ ಇನ್ನೊಬ್ಬ ಕಿವುಡ ಇಲ್ಲದಿದ್ದರೆ ತಾಯಿ-ಮಗು ಸೇರಿ ತಮ್ಮದೇ ಭಾಷೆಯೊಂದನ್ನು ಕಟ್ಟಿಕೊಳ್ಳುತ್ತಾರೆ. ರೊಟ್ಟಿ ಬೇಕೆಂದರೆ ಅಂಗೈ ತಟ್ಟುವುದು, ಅಪ್ಪ ಎಂದರೆ ಮೀಸೆ ತೀಡುವುದು, ಎಮ್ಮೆ ಎಂದರೆ ಬೆರಳು ಬಾಗಿಸಿ ಕೋಡು ತೋರುವುದು. ಇಂಥ ಮನೆಸನ್ನೆ ಮನೆಯ ಹೊಸ್ತಿಲು ದಾಟಿದರೆ ಯಾರಿಗೂ ತಿಳಿಯದು.

ಆ ಮಗು ಊಟ ಮುಗಿದ ಮೇಲೂ, ಒಬ್ಬನೇ ಕಟ್ಟೆಯ ಮೇಲೆ ಕುಳಿತಾಗಲೂ ಅಂಗೈ ತಟ್ಟುತ್ತಲೇ ಇದ್ದರೆ ಅದು ರೊಟ್ಟಿ ಕೇಳುತ್ತಿದೆಯೇ, ಆಡುತ್ತಿದೆಯೇ, ಅಥವಾ ಅದು ಟಿಕ್ಕೇ? ಎಷ್ಟೇ ಓದಿದ ತಜ್ಞರಿಗೂ ಇದನ್ನು ಒಂದು ನೋಟಕ್ಕೆ ಹೇಳಲಾಗದು. ಹೇಳಬಲ್ಲವಳು ತಾಯಿ. 'ಇದು ಅವನ ಸನ್ನೆ, ಇದು ಅಲ್ಲ' ಎಂದು ಬೇರ್ಪಡಿಸಬಲ್ಲ ಕಣ್ಣು ಅವಳದು. ಆದ್ದರಿಂದ ವೈದ್ಯರ ಬಳಿ ಹೋಗುವಾಗ ಮಗುವಿನೊಡನೆ ದಿನವಿಡೀ ಇರುವವರೇ ಹೋಗಬೇಕು. ಮೊಬೈಲ್ ಇದ್ದರೆ ಮಗುವಿಗೆ ತಿಳಿಸಿ ಎರಡು-ಮೂರು ನಿಮಿಷದ ವಿಡಿಯೊ ಮಾಡಿಕೊಂಡರೆ ಒಳಿತು. ಆಸ್ಪತ್ರೆಯ ಹೊಸ ವಾತಾವರಣದಲ್ಲಿ ಟಿಕ್ ಅಡಗಿ ಕೂರುವುದು ಮಾಮೂಲು.

ದಾರಿ ಹೀಗಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡಗಳು ಅಂಗನವಾಡಿ ಮತ್ತು ಸರಕಾರಿ ಶಾಲೆಗಳಿಗೆ ಬಂದು 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತವೆ. ಅಲ್ಲಿ ಕಿವಿಯ ಮಾತಿನ ಜೊತೆಗೆ ಈ ಚಲನೆಗಳ ಮಾತನ್ನೂ ಎತ್ತಬಹುದು. ಬಾಗಲಕೋಟೆಯಲ್ಲಿ ಜಿಲ್ಲಾ ಆಸ್ಪತ್ರೆಯಿದೆ, ವೈದ್ಯಕೀಯ ಕಾಲೇಜಿದೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ (ಡಿಮ್ಹಾನ್ಸ್), ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇವೆ. ಕಿವಿ ಮತ್ತು ಮಾತಿನ ತಜ್ಞರಿಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದಲೂ ಹೆಸರಾಗಿದೆ. ದೂರದ ಊರಿಗೆ ಹೊರಡುವ ಮೊದಲು ಸಲಹೆ ಬೇಕಿದ್ದರೆ 2022ರಲ್ಲಿ ಶುರುವಾದ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು.

ಕೈ ಕಟ್ಟಿಸುವುದು ಚಿಕಿತ್ಸೆಯಲ್ಲ

ಅನೇಕ ಮಕ್ಕಳಿಗೆ ಔಷಧಿಯೇ ಬೇಕಿಲ್ಲ. ಇದು ಏನೆಂದು ಮಗುವಿಗೂ ಸುತ್ತಲಿನವರಿಗೂ ತಿಳಿದರೆ ಅರ್ಧ ಭಾರ ಇಳಿಯುತ್ತದೆ. ಟಿಕ್‌ನಿಂದ ನೋವು, ಓದಿಗೆ ಅಡ್ಡಿ, ಅವಮಾನ ಆಗುತ್ತಿದ್ದರೆ ಚಿಕಿತ್ಸೆ ಬೇಕು. ಟಿಕ್ ಬರುವ ಮುನ್ನಿನ ಒತ್ತಡವನ್ನು ಗುರುತಿಸಿ, ಅದಕ್ಕೆ ಎದುರಾದ ಬೇರೊಂದು ಚಲನೆಯನ್ನು ರೂಢಿಸಿಕೊಳ್ಳುವ ತರಬೇತಿ ಈಗ ಮೊದಲ ಆಯ್ಕೆ. 2010ರಲ್ಲಿ ಅಮೆರಿಕದಲ್ಲಿ 126 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಈ ತರಬೇತಿ ಪಡೆದವರಲ್ಲಿ ನೂರಕ್ಕೆ 52ರಷ್ಟು ಮಂದಿ ಚೆನ್ನಾಗಿ ಸುಧಾರಿಸಿದರು. ಬರಿಯ ತಿಳಿವಳಿಕೆ ಮತ್ತು ಬೆಂಬಲ ಪಡೆದ ಗುಂಪಿನಲ್ಲಿ ಆ ಪ್ರಮಾಣ 18ರಷ್ಟು. ಇದು ಸಾಲದಾದಾಗ ಕ್ಲೋನಿಡಿನ್, ರಿಸ್ಪೆರಿಡೋನ್‌ನಂಥ ಔಷಧಿಗಳಿವೆ. ಮಂಪರು, ತೂಕ ಏರುವುದು ಮುಂತಾದ ಅಡ್ಡಪರಿಣಾಮಗಳೂ ಇರುವುದರಿಂದ ತಜ್ಞರ ಸಲಹೆಯಿಲ್ಲದೆ ಶುರು ಮಾಡುವುದೂ ಸಲ್ಲದು, ತಟ್ಟನೆ ನಿಲ್ಲಿಸುವುದೂ ಸಲ್ಲದು.

ಆದರೆ ಕಿವುಡು ಮಗುವಿನ ವಿಷಯದಲ್ಲಿ ಒಂದು ಎಚ್ಚರ ಬೇಕು. ಕೈಯ ಟಿಕ್‌ಗೆ ಎದುರು ಚಲನೆ ಎಂದು ಮುಷ್ಟಿ ಬಿಗಿಯುವುದನ್ನೋ, ಕೈಗಳನ್ನು ತೊಡೆಗೆ ಒತ್ತಿಹಿಡಿಯುವುದನ್ನೋ ಮಾತನಾಡುವ ಮಗುವಿಗೆ ಕಲಿಸಬಹುದು. ಸನ್ನೆಯಾಡುವ ಮಗುವಿಗೆ ಹಾಗೆ ಕಲಿಸಿದರೆ ಅದು ಮೂಕವಾಗುತ್ತದೆ. ತರಬೇತಿ ಕೊಡುವವರು ಮಗುವಿನ ಸನ್ನೆಗೆ ಅಡ್ಡಬಾರದ ಚಲನೆಯನ್ನೇ ಹುಡುಕಬೇಕು. ಇಡೀ ತರಬೇತಿ ನಿಂತಿರುವುದು 'ನಿನಗೆ ಒಳಗೆ ಏನನ್ನಿಸುತ್ತದೆ?' ಎಂಬ ಪ್ರಶ್ನೆಯ ಮೇಲೆ. ಆ ಪ್ರಶ್ನೆಯನ್ನು ಕೇಳಲೂ, ಉತ್ತರ ಅರಿಯಲೂ ಮಗುವಿನ ಭಾಷೆ ಬಲ್ಲವರು ಜೊತೆಗಿರಬೇಕು. ಇಲ್ಲವಾದರೆ ಮಗುವಿನ ಅನುಭವ ಮೂಗ ಕಂಡ ಕನಸಿನಂತೆ ಒಳಗೇ ಉಳಿಯುತ್ತದೆ.

ಶಾಲೆಯಲ್ಲಿ 'ಕೈ ಕಟ್ಟಿ ಕೂತುಕೋ' ಎಂಬುದು ಶಿಸ್ತಿನ ಮಾತು. ಕಿವುಡು ಮಗುವಿಗೆ ಅದು 'ಬಾಯಿಗೆ ಬಟ್ಟೆ ತುರುಕಿಕೋ' ಎಂದಂತೆ. ಸಹಪಾಠಿಗಳಿಗೂ ಇಲ್ಲಿ ಕೆಲಸವಿದೆ. ಅಣಕಿಸಿದಷ್ಟೂ, ದಿಟ್ಟಿಸಿದಷ್ಟೂ ಟಿಕ್ ಹೆಚ್ಚುತ್ತದೆ. ಗಮನಿಸದಂತೆ ಮಾತು ಮುಂದುವರಿಸುವ ಗೆಳೆಯನೊಬ್ಬ ಸಿಕ್ಕರೆ ಕಡಿಮೆಯಾಗಬಹುದು. ದೆಹಲಿಯಲ್ಲಿ 2015ರಲ್ಲಿ ಸ್ಥಾಪನೆಯಾದ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ, 2021ರ ಹೊತ್ತಿಗೆ 10,000 ಪದಗಳ ಸನ್ನೆ ನಿಘಂಟನ್ನು ಸಿದ್ಧಪಡಿಸಿದೆ. ವಿಡಿಯೊ ನೋಡಿ ದಿನಕ್ಕೆ ಎರಡು ಸನ್ನೆ ಕಲಿತರೂ ವರ್ಷಕ್ಕೆ ಏಳುನೂರಾಯಿತು. ತರಗತಿಯ ಒಬ್ಬ ಕಿವುಡು ಗೆಳೆಯನಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಬೇಕೆ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ಊನಗಳಲ್ಲಿ ಕಿವುಡು ಸೇರಿದೆ, ಟಿಕ್‌ನ ಹೆಸರು ಪ್ರತ್ಯೇಕವಾಗಿ ಇಲ್ಲ. ಆದರೆ ಅಂಗವೈಕಲ್ಯದ ಕಾರಣಕ್ಕೆ ಮಗುವನ್ನು ಶಾಲೆಯಲ್ಲಿ ಭೇದದಿಂದ ಕಾಣಬಾರದೆಂಬ ಮಾತು ಅದರಲ್ಲಿ ಸ್ಪಷ್ಟವಾಗಿದೆ. ಕೈ ಆಡಿಸಿತೆಂದು ಕಿವುಡು ಮಗುವನ್ನು ಹೊರಗೆ ನಿಲ್ಲಿಸುವ ಮುನ್ನ ಶಿಕ್ಷಕರು ಇದನ್ನು ನೆನೆಯಬೇಕು.

ಪಾಲಕರು, ಶಿಕ್ಷಕರು ಗಮನಿಸಲಿ

* ಮಗುವಿನ ಕೈಗೆ ಹೊಡೆಯಬೇಡಿ, ಕೈ ಕಟ್ಟಿಸಬೇಡಿ. 'ನಿಲ್ಲಿಸು' ಎಂದು ಮತ್ತೆ ಮತ್ತೆ ಎಚ್ಚರಿಸುವುದೂ ಟಿಕ್ ಅನ್ನು ಹೆಚ್ಚಿಸುತ್ತದೆ.

* ಯಾವ ಚಲನೆ, ಯಾವಾಗ ಶುರುವಾಯಿತು, ಯಾವ ಹೊತ್ತಿನಲ್ಲಿ ಹೆಚ್ಚು ಎಂದು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ.

* ಮಗುವಿನ ಸನ್ನೆಗಳ ಒಂದು ಪಟ್ಟಿ ಮಾಡಿ ವೈದ್ಯರಿಗೆ ತೋರಿಸಿ. ಯಾವುದು ಮಾತು, ಯಾವುದು ಅಲ್ಲ ಎಂಬುದು ಅವರಿಗೆ ತಿಳಿಯಲಿ.

* ಅಸಭ್ಯ ಸನ್ನೆ ಬಂದಾಗ ಸಂಸ್ಕಾರದ ಮಾತೆತ್ತಬೇಡಿ. ಅದು ಮಗುವಿನ ಅಭಿಪ್ರಾಯವಲ್ಲ.

* ಗಮನ ನಿಲ್ಲದಿರುವುದು, ಬೇಡದ ಯೋಚನೆಗಳು ಬೆನ್ನುಹತ್ತುವುದು ಟಿಕ್ ಜೊತೆ ಬರಬಹುದು. ಓದಿಗೆ ಹೆಚ್ಚು ಅಡ್ಡಿಯಾಗುವುದು ಹಲವೊಮ್ಮೆ ಅವೇ. ಅವನ್ನೂ ವೈದ್ಯರಿಗೆ ತಿಳಿಸಿ.

* ಟಿಕ್ ಬುದ್ಧಿಯನ್ನು ಕುಂದಿಸುವುದಿಲ್ಲ. ಓದು, ಆಟ, ಮನೆಗೆಲಸ ಯಾವುದನ್ನೂ ಬಿಡಿಸಬೇಡಿ.

ಬಿಕ್ಕಳಿಕೆ ಬಂದ ಮಗುವಿಗೆ ನೀರು ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕೂರಲು ಯಾರಿಗೂ ತರಬೇತಿ ಬೇಕಾಗಿಲ್ಲ. ಬೆರಳು ಬಿಕ್ಕಳಿಸಿದಾಗಲೂ ಬೇಕಾದುದು ಅಷ್ಟೇ ತಾಳ್ಮೆ.